ಅವ್ವನ ತಲೆಯ ಮೇಲಿನ ಮೊಳೆ

ಊರಿನ ಗೋಡೆಯ ಮೇಲೆ ಅವ್ವನ ಚಿತ್ರ ಬಂದಾಗ ಓಣಿಗೆ ಓಣಿಯೇ ಖುಷಿಪಟ್ಟಿತು. ಹೆದರಿದವಳು ನಾನೊಬ್ಬಳೇ. ಹುಟ್ಟಾ ಪುಕ್ಕಲಿ ಎಂದು ಹೆಸರು ಪಡೆದವಳು ನಾನು. ಹಲ್ಲಿ ಲೊಚಗುಟ್ಟಿದರೂ ಒಂದು ಕ್ಷಣ ನಿಂತು ಯೋಚಿಸುತ್ತೇನೆ. ಆದರೆ ಈ ಹೆದರಿಕೆಗೆ ಕಾರಣವಿತ್ತು ಎಂದು ಈಗಲೂ ವಾದಿಸಬಲ್ಲೆ.

ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿಗೆ ಬರುವ ದಾರಿಯ ತಿರುವಿನಲ್ಲಿ ಒಂದು ಉದ್ದನೆಯ ಗೋಡೆ ಇದೆ. ವರ್ಷಗಟ್ಟಲೆ ಅದರ ಮೇಲೆ ಬೀಜದ ಜಾಹೀರಾತು, ಬೋರ್‌ವೆಲ್ ಜಾಹೀರಾತು, ಇಲ್ಲಿ ಮೂತ್ರ ಮಾಡಬಾರದು ಎಂಬ ಬರಹ, ಆ ಬರಹದ ಕೆಳಗೇ ನಿಂತು ಅದೇ ಕೆಲಸ ಮಾಡುವ ಗಂಡಸರು. ಇದನ್ನು ನೋಡಿ ನೋಡಿ ಬೇಸತ್ತ ಓಣಿಯವರು ಒಂದು ದಿನ ಸುಣ್ಣದ ಬಕೆಟ್ ಹಿಡಿದು ಹೊರಟರು. ಡ್ರಾಯಿಂಗ್ ಮಾಸ್ತರರು, ಬೋರ್ಡು ಬರೆಯುವವರು, ಕಾಲೇಜಿನ ಹುಡುಗಿಯರು ಎಲ್ಲ ಕೂಡಿದರು. ಒಂದು ತುದಿಯಿಂದ ಕೃಷ್ಣಮೃಗಗಳು ಜಿಗಿಯತೊಡಗಿದವು. ಅವುಗಳ ಹಿಂದೆ ತೋಳ, ಹುಲ್ಲಿನಲ್ಲಿ ನವಿಲು. ಆಮೇಲೆ ಹತ್ತಿಯ ಅಂಡಿಗೆ ತುಂಬಿದ ಚಕ್ಕಡಿ, ಮಗ್ಗ, ಹಳೆಯ ಪೇಟೆ. ಕೊನೆಯ ತುದಿಯಲ್ಲಿ ಊರಿನ ಕಲಾವಿದರು.

ಕಲಾವಿದರ ಸಾಲಿನಲ್ಲಿ ಕಿರೀಟ ಕಟ್ಟಿದ ದೊಡ್ಡಾಟದ ಅಜ್ಜ, ಶಹನಾಯಿಯವರು, ಮಣ್ಣಿನ ಗಣಪ್ಪನನ್ನು ಮಾಡುತ್ತಿದ್ದವರು, ಮತ್ತು ನಮ್ಮ ಅವ್ವ. ಅವ್ವ ಗೀಗೀ ಪದ ಹಾಡುವವಳು. ಎಡಗೈಯಲ್ಲಿ ದಪ್ಪು, ತಲೆಯ ಮೇಲೆ ಸೆರಗು, ತೆರೆದ ಬಾಯಿ. ಅವಳ ಹೆಗಲ ಹಿಂದೆ, ಸ್ವಲ್ಪ ತಗ್ಗಿನಲ್ಲಿ, ತುಂತುಣಿ ಬಾರಿಸುತ್ತಿರುವ ಅವಳ ಗೆಳತಿ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ, ಆಳೆತ್ತರ. ಗೆಳತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ದೊಡ್ಡಾಟದ ಅಜ್ಜನೂ ಇಲ್ಲ, ಶಹನಾಯಿಯವರೂ ಇಲ್ಲ, ಗಣಪ್ಪನವರೂ ಇಲ್ಲ. ಆ ಸಾಲಿನಲ್ಲಿ ಉಸಿರಾಡುತ್ತಿದ್ದವಳು ಅವ್ವ ಒಬ್ಬಳೇ.

ಅವ್ವನಿಗೆ ಇದು ದೊಡ್ಡ ಸಂಗತಿಯೇ ಅಲ್ಲ. ಚಿತ್ರ ಬರೆಯುವಾಗ ದಿನಾ ಹೋಗಿ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ತಕರಾರು ತೆಗೆಯುತ್ತಿದ್ದಳು.

“ಮಾಸ್ತರ, ನನ್ನ ಮೂಗು ಅಷ್ಟ್ ದಪ್ಪ ಎಲ್ಲೈತ್ರಿ? ಆಕಿ ಮೂಗು ನನಗ ಹಚ್ಚೀರಿ, ನನ್ನ ಮೂಗು ಆಕಿಗೆ ಹಚ್ಚೀರಿ.”

ನನಗೆ ನಗು ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಅವ್ವನಿಗೆ ಎದೆನೋವು ಬಂದು, ದಾವಣಗೆರೆಗೆ ಒಯ್ದು ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದೆ. ಹಾಡಬಾರದು, ದಣಿಯಬಾರದು, ಒಬ್ಬಳೇ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಇರುವವರು ನಾವಿಬ್ಬರೇ. ಅವಳು ರಾತ್ರಿ ಮಗ್ಗುಲು ಬದಲಿಸಿದರೂ ನನಗೆ ಎಚ್ಚರವಾಗುತ್ತಿತ್ತು. ಇಂಥವಳನ್ನು ಸತ್ತವರ ಸಾಲಿನಲ್ಲಿ ನಿಲ್ಲಿಸಿದರೆ ಯಾರ ಕಣ್ಣಿಗೆ ಬೀಳುತ್ತಾಳೋ ಎಂದು ನನ್ನ ಚಿಂತೆ.

ಮಾನವಮಿಗೆ ಆ ಹೆದರಿಕೆ ಇನ್ನೂ ಹೆಚ್ಚಾಯಿತು. ಹಬ್ಬದ ಮುನ್ನಾದಿನ ಕೆಲಸದಿಂದ ಬರುವಾಗ ನೋಡುತ್ತೇನೆ, ಬಸ್‌ಸ್ಟ್ಯಾಂಡಿನ ಹೂವಿನವನು ಸ್ಟೂಲಿನ ಮೇಲೆ ನಿಂತು ಕಲಾವಿದರ ತಲೆಯ ಮೇಲೆ ಮೊಳೆ ಹೊಡೆಯುತ್ತಿದ್ದಾನೆ. ಹಾರ ಹಾಕಲು ಒಂದೊಂದು ಚೌಕಟ್ಟಿಗೆ ಒಂದೊಂದು ಮೊಳೆ. ಅವ್ವನ ತಲೆಯ ಮೇಲೂ ಸರಿಯಾಗಿ ನಡುವೆ ಒಂದು ಹೊಡೆದಿದ್ದ.

“ಇದಕ್ಕ ಯಾಕ ಹೊಡದಿ?” ಅಂದೆ.

“ಎಲ್ಲಾರ್ಗೂ ಹೊಡದೇನ್ರಿ ಅಕ್ಕಾರ. ಅಮ್ಮಾರ್ಗೊಂದು ಬಿಟ್ರ ಬರೋಬರಿ ಕಾಣೂದಿಲ್ಲ.”

“ಆಕಿ ಬದುಕ್ಯಾಳೋ ಮಾರಾಯಾ!”

ಅವನು ನಾಲಿಗೆ ಕಚ್ಚಿಕೊಂಡು ಕೈ ಮುಗಿದ. ಹಬ್ಬದ ದಿನ ಉಳಿದ ಚೌಕಟ್ಟುಗಳಿಗೆಲ್ಲ ಚೆಂಡುಹೂವಿನ ಹಾರ ಬಿತ್ತು, ಅವ್ವನ ಚೌಕಟ್ಟಿಗೆ ಮಾತ್ರ ಹಾಕಲಿಲ್ಲ. ಆದರೆ ಹೊಡೆದ ಮೊಳೆ ಅಲ್ಲೇ ಉಳಿಯಿತು. ಖಾಲಿ ಮೊಳೆ ನೋಡಿದಾಗಲೆಲ್ಲ ಅದು ಯಾವುದನ್ನೋ ಕಾಯುತ್ತಿದೆ ಅನ್ನಿಸುತ್ತಿತ್ತು. ತೆಗೆಯಿರಿ ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆಂದು ಸುಮ್ಮನಿದ್ದೆ.

ನನ್ನ ಕೆಲಸ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ. ಯಾರ ಚೀಲ ಯಾವ ಅಂತಸ್ತಿನಲ್ಲಿದೆ ಎಂದು ನೋಡಿಕೊಳ್ಳಬೇಕು. ಒಳಗೆ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಆಫೀಸಿನ ಡ್ರಾಯರಿನಲ್ಲಿಟ್ಟು ಸ್ವೆಟರ್ ಹಾಕಿಕೊಂಡು ಒಳಗೆ ಹೋಗುತ್ತೇನೆ. ಸಂಜೆ ಬಸ್ಸು ಹತ್ತಿದರೆ ನನ್ನ ಸೀರೆಯ ಘಾಟಿಗೆ ಅಕ್ಕಪಕ್ಕದವರು ಸೀನುತ್ತಾರೆ. ಅದರಿಂದ ಒಂದು ಲಾಭ ಉಂಟು, ಸೀಟು ಸಿಗುತ್ತದೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಅವ್ವನಿಗೂ ನನಗೂ ಜಗಳವಾಯಿತು. ಹಾವೇರಿಯಲ್ಲಿ ಹಾಡುವ ಹೆಣ್ಣುಮಕ್ಕಳ ಒಂದು ಕೂಟವಿದೆ. ಮಧ್ಯಾಹ್ನ ಅವರ ಕಾರ್ಯಕ್ರಮ, ಬಂದು ಕೂತರೆ ಸಾಕು ಎಂದು ಅವ್ವನನ್ನು ಕರೆದಿದ್ದರು.

“ಎದುರುಮನಿ ವೈನಿ ಬರ್ತಾಳ ನನ್ನ ಕೂಡ. ಕುಂತು ಬರ್ತೇನಿ.”

“ಕುಂತು ಬರಾಕಿ ಅಲ್ಲ ನೀ. ಅಲ್ಲಿ ಯಾರರೆ ದಪ್ಪು ಬಾರಿಸಿದ್ರ ಎದ್ದು ನಿಂತು ಹಾಡ್ತಿ. ಹೋಗಬ್ಯಾಡ ಅಂದ್ರ ಹೋಗಬ್ಯಾಡ.”

“ಆತು ಬಿಡವಾ, ಹೋಗೂದಿಲ್ಲ,” ಎಂದು ಅವ್ವ ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬಸ್ಸಿಗೆ ತಡವಾಗಿತ್ತು, ಹೊರಟುಬಿಟ್ಟೆ.

ಆ ಸಂಜೆ ಕೋಲ್ಡ್ ಸ್ಟೋರೇಜಿನಿಂದ ಹೊರಗೆ ಬಂದು ಡ್ರಾಯರ್ ಎಳೆದರೆ ಫೋನಿನ ತುಂಬ ವೈನಿಯ ಮಿಸ್ಡ್ ಕಾಲ್. ಒಂದರ ಹಿಂದೆ ಒಂದು. ವೈನಿ ಸುಮ್ಮಸುಮ್ಮನೆ ಫೋನು ಮಾಡುವವಳಲ್ಲ. ತಿರುಗಿ ಮಾಡಿದೆ, ಸ್ವಿಚ್ ಆಫ್. ಅವ್ವನಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ಅದೇ. ಹೊರಗೆ ಬಂದಿದ್ದರೂ ಒಳಗಿನ ಚಳಿ ಹೋಗಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತೆ. ಎದೆನೋವು ಬಂದಿರಬೇಕು, ವೈನಿ ಆಸ್ಪತ್ರೆಗೆ ಒಯ್ದಿರಬೇಕು, ಅಲ್ಲಿ ಚಾರ್ಜು ಮುಗಿದಿರಬೇಕು ಎಂದು ನಾನೇ ಕಥೆ ಕಟ್ಟಿದೆ. ಆ ಕಥೆಯಲ್ಲಿ ಅವ್ವ ಇನ್ನೂ ಬದುಕಿದ್ದಳು, ಅದಕ್ಕೇ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಕದರಮಂಡಲಗಿಯಲ್ಲಿ ಬಸ್ಸು ನಿಂತಾಗ, ಗುಡಿಗೆ ಹೋಗದೆ ವರ್ಷಗಳಾದ ನಾನು, ಕೂತಲ್ಲಿಂದಲೇ ಆಂಜನೇಯನಿಗೆ ಕೈ ಮುಗಿದೆ. ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಪಕ್ಕದ ಹೆಂಗಸು ಸೀನುತ್ತಾ ನನ್ನ ಮುಖ ನೋಡಿದಳು, ಸೆರಗಿನಿಂದ ಮೂಗು ಮುಚ್ಚಿಕೊಂಡೇ ನೀರಿನ ಬಾಟಲಿ ಕೊಟ್ಟಳು.

ಊರು ಮುಟ್ಟುವಾಗ ಕತ್ತಲಾಗುತ್ತಿತ್ತು. ಬೀದಿದೀಪ ಆಗಷ್ಟೇ ಹತ್ತಿದ್ದವು. ಬಸ್ಸು ತಿರುವಿನಲ್ಲಿ ನಿಧಾನವಾಯಿತು, ಹೆಡ್‌ಲೈಟು ಗೋಡೆಯ ಮೇಲೆ ಹಾದಿತು. ಕೃಷ್ಣಮೃಗ, ತೋಳ, ಚಕ್ಕಡಿ, ದೊಡ್ಡಾಟದ ಅಜ್ಜ. ಆಮೇಲೆ ಅವ್ವ.

ಅವ್ವನ ಕೊರಳಲ್ಲಿ ಹಾರವಿತ್ತು.

ಬೆಳ್ಳನೆಯ ಹಾರ. ತಲೆಯ ಮೇಲಿನ ಮೊಳೆಯಿಂದ ಇಳಿದು ಕೊರಳಿನ ಸುತ್ತ ಸರಿಯಾಗಿ ಕೂತಿತ್ತು. ಉಳಿದವರ ಹಾರ ಒಣಗಿ ಉದುರಿ ದಾರ ಮಾತ್ರ ಉಳಿದಿತ್ತು, ಇದೊಂದು ಹೊಸದು. ಕೂಗಿದೆನೋ ಇಲ್ಲವೋ ನೆನಪಿಲ್ಲ. ಕಂಡಕ್ಟರು ತಿರುಗಿ ನೋಡಿ “ಯಾಕ್ರಿ ಅಕ್ಕಾರ, ಏನಾತ್ರಿ?” ಅಂದದ್ದು ನೆನಪಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಹೂವಿನವನು ಬುಟ್ಟಿ ಬಿಟ್ಟು ಎದ್ದು ಬಂದ.

“ಅಕ್ಕಾರ, ಗ್ವಾಡಿ ನೋಡಿದ್ರೇನ್ರಿ? ಅಮ್ಮಾರು...”

ಉಳಿದ ಮಾತು ಕೇಳುವ ಧೈರ್ಯ ನನಗಿರಲಿಲ್ಲ. ಓಡಿದೆ. ಚಪ್ಪಲಿಯ ಉಂಗುಷ್ಠ ಕಿತ್ತಿತು, ಚಪ್ಪಲಿ ಅಲ್ಲೇ ಬಿಟ್ಟೆ.

ನಮ್ಮ ಓಣಿಗೆ ತಿರುಗಿದಾಗ ಮೊದಲು ಕಂಡದ್ದು ಮನೆಯ ಮುಂದಿನ ಜನ. ಮನೆಯೊಳಗೆ ದೀಪವಿಲ್ಲ. ಹೊರಗೆ ಕಟ್ಟೆಯ ಸುತ್ತ ಹೆಣ್ಣುಮಕ್ಕಳು ನಿಂತಿದ್ದರು, ಒಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಶಾಲು ಹೊದಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ನೋಡಲು ಬಂದವರಿಗೆ ಅವರು ಕೂತು ಕಣ್ಣು ಮುಚ್ಚಿದಂತೆಯೇ ಕಾಣಬೇಕು. ಅಪ್ಪನನ್ನು ಹಾಗೆ ಕೂಡಿಸಿದ್ದು ಇದೇ ಕಟ್ಟೆಯ ಮೇಲೆ.

ಜನ ನನಗೆ ದಾರಿ ಬಿಟ್ಟರು. ಅವ್ವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಣೆಗೆ ವಿಭೂತಿ, ಹೆಗಲಿಗೆ ಹೊಸ ಶಾಲು, ಮಡಿಲಲ್ಲಿ ಹಣ್ಣು. ಕಣ್ಣು ಮುಚ್ಚಿದ್ದವು, ಬಾಯಿ ಸ್ವಲ್ಪ ತೆರೆದಿತ್ತು.

ಕುಸಿದು ಅವಳ ಕಾಲು ಹಿಡಿದೆ. ಕಾಲು ಬೆಚ್ಚಗಿತ್ತು.

“ಎಷ್ಟೊತ್ತು ಮಾಡ್ತಿ ಯವ್ವಾ?” ಎಂದು ಅವ್ವ ಕಣ್ಣು ತೆರೆದಳು. “ಕೀಲಿಕೈ ತಾ ಲಗೂನ. ಚಾ ಕುಡದು ಯಾವ ಕಾಲ ಆತು.”

ಅವಳನ್ನು ಅಪ್ಪಿಕೊಂಡು ನಾನು ಅತ್ತ ರೀತಿಗೆ ಓಣಿಯ ನಾಯಿಗಳೂ ಎದ್ದು ನಿಂತವಂತೆ. ಹೇಳಿ ಹೇಳಿ ಇಂದಿಗೂ ನನ್ನನ್ನು ಕಾಡಿಸುತ್ತಾರೆ. ನಡೆದದ್ದು ಇಷ್ಟು. ನಾನು ಬಸ್ಸು ಹತ್ತಿದ ಮೇಲೆ ಅವ್ವ ವೈನಿಯನ್ನು ಕರೆದುಕೊಂಡು ಹಾವೇರಿಗೆ ಹೊರಟಿದ್ದಳು. ಎಳೆದರೆ ತಾನೇ ಲಾಕ್ ಆಗುವ ಬಾಗಿಲು ನಮ್ಮದು. ಕೀಲಿಕೈಯನ್ನೂ ಫೋನನ್ನೂ ಒಳಗೇ ಬಿಟ್ಟು ಬಾಗಿಲು ಎಳೆದಿದ್ದಳು. ತಿರುಗಿ ಬಂದ ಮೇಲೆ ವೈನಿ ಕೀಲಿಕೈಗಾಗಿ ನನಗೆ ಮಾಡಿ ಮಾಡಿ ಅವಳ ಫೋನು ಸತ್ತಿತ್ತು. ನಮ್ಮ ಮನಿಗೆ ಬರ್ರಿ ಅಂದರೆ ಅವ್ವ ಕೇಳದೆ, ಶಾಲು ಎಲ್ಲರಿಗೂ ಕಾಣಲಿ ಎಂದು ಕಟ್ಟೆಯ ಮೇಲೆಯೇ ಕೂತಿದ್ದಳು. ಹಾವೇರಿಯ ಸುದ್ದಿ ಹೇಳಿ ಎಲ್ಲರನ್ನೂ ಕಣ್ಣಲ್ಲಿ ನೀರು ಬರುವಷ್ಟು ನಗಿಸಿ, ಹಾಗೇ ತೂಕಡಿಸಿದ್ದಳು.

“ಗ್ವಾಡಿ ಮ್ಯಾಲ ಹಾರ ಯಾರು ಹಾಕಿದ್ರು?” ಅಂದೆ. ಈಗ ಅಳು ಹೋಗಿ ಸಿಟ್ಟು ಬಂದಿತ್ತು.

“ನಾನs ಹಾಕಸೇನಿ, ಆಟೋದವ್ನ ಕೈಲೆ. ಅದು ಹೂವಿಂದಲ್ಲವಾ, ಯಾಲಕ್ಕಿದು.”

ಹಾವೇರಿಯವರು ಗೌರವದ ಅತಿಥಿಗಳಿಗೆ ಹಾಕುವ ಏಲಕ್ಕಿ ಹಾರ. ಬದುಕಿದವರ ಕೊರಳಿಗೆ ಬೀಳುವ ಹಾರ. ಅಪ್ಪಿಕೊಂಡಾಗ ಅವ್ವನ ಕತ್ತಿನಲ್ಲಿ ಬಂದ ಪರಿಮಳ ಅದರದ್ದೇ ಎಂದು ಆಗ ಹೊಳೆಯಿತು.

“ತಮಗ ತಾವs ಹಾರ ಹಾಕ್ಕೋತಾರೇನಬೇ?”

“ನನಗಲ್ಲ, ಆಕಿಗೆ.” ಅವ್ವನ ನಗು ನಿಂತಿತು. “ಜೀವಮಾನ ನನ್ನ ಹಿಂದ ನಿಂತು ಬಾರಿಸಿದ್ಳು. ಶಾಲು ನನಗ, ಹಾರ ನನಗ. ಆಕಿ ಕೊಳ್ಳಿಗೆ ಒಂದರೆ ಬೀಳ್ಲಿ ಅಂತ ಹಾಕಾಕ ಹೋದೆ. ಮೊಳಿ ಇರೂದು ನನ್ನ ತಲಿ ಮ್ಯಾಲ ಒಂದs. ನಾ ಏನ್ ಮಾಡ್ಲಿ?”

ಎದ್ದು ಹೋಗಿ ಬಾಗಿಲು ತೆರೆದೆ. ಚಹಾಕ್ಕೆ ಸಕ್ಕರೆಯನ್ನು ಎರಡು ಸಲ ಹಾಕಿದ್ದೆನಂತೆ, ಅವ್ವ ಹಾಗೇ ಕುಡಿದಳು.

ಮರುದಿನ ಬೆಳಿಗ್ಗೆ ಇಕ್ಕಳ, ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ಹೋದೆ. ಅವ್ವನೂ ಬೆನ್ನು ಹತ್ತಿದಳು. ಚಹಾ ಅಂಗಡಿಯ ಸ್ಟೂಲು ತಂದು ಹತ್ತಿ, ಹಾರ ಬಿಚ್ಚಿ ಅವಳ ಕೈಗೆ ಕೊಟ್ಟೆ. ಗೆಳತಿಯ ತಲೆಯ ಮೇಲೆ ಹೊಸದೊಂದು ಮೊಳೆ ಹೊಡೆದು ಹಾರ ಹಾಕಿದೆವು. ಅವ್ವ ಹಿಂದೆ ಸರಿದು ನಿಂತು ನೋಡಿದಳು, ಸಾಕೆಂಬಂತೆ ತಲೆಯಾಡಿಸಿದಳು. ಆಮೇಲೆ ನಾನು ಇಕ್ಕಳವನ್ನು ಅವ್ವನ ಮೊಳೆಗೆ ಹಾಕಿದೆ.

“ಅದನ್ಯಾಕ ಕೀಳಾಕತ್ತಿ?”

“ಬ್ಯಾಡ ಇದು.”

“ಇರ್ಲಿ ಬಿಡು,” ಅಂದಳು ಅವ್ವ. ಚಹಾಕ್ಕೆ ಇಷ್ಟು ಸಕ್ಕರೆ ಇರಲಿ ಅನ್ನುವಾಗಿನ ದನಿ. “ಮುಂದ ನಿನಗs ಬೇಕಾಗ್ತೈತಿ. ಅವತ್ತ ಒಬ್ಬಾಕಿ ಸ್ಟೂಲ ಹತ್ತಿ ಎಲ್ಲಿ ಹೊಡ್ಕೋತ ಕುಂದ್ರತಿ?”

ನನ್ನ ಕಾಲಡಿಯ ಸ್ಟೂಲು ಅಲುಗಾಡಿತು. ಅವ್ವ ಕೆಳಗಿನಿಂದ ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಇಳಿದೆ.

ಮೊಳೆ ಈಗಲೂ ಅಲ್ಲೇ ಇದೆ. ಸಂಜೆ ಬಸ್ಸು ತಿರುವಿಗೆ ಬರುವ ಮೊದಲೇ ಕಿಟಕಿಯ ಸರಳು ಹಿಡಿದುಕೊಳ್ಳುತ್ತೇನೆ. ಮೊದಲು ಮೊಳೆ ನೋಡುತ್ತೇನೆ. ಅದು ಖಾಲಿ ಇದ್ದರೆ, ಆಮೇಲೆ ಅವ್ವನ ಮುಖ.