ಆಚೆ ಕೋಣೆಯ ಫೋಲ್ಡರ್

ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು. ಎಷ್ಟೋ ವರ್ಷ ಕಂಪ್ಯೂಟರಿನ ಪೆಟ್ಟಿಗೆಗಳನ್ನು ಆ ಉಗುರಿನಿಂದಲೇ ಮೀಟಿ ತೆರೆದದ್ದರ ಗುರುತು ಅದು. ಆ ಕೈಯನ್ನು ಮೇಜಿನ ಮೇಲೆ ಊರಿ, ಮೌಸನ್ನು ಮಾತ್ರ ಮುಟ್ಟದೆ, ಅವರು ನನಗೆ ಹೇಳಿದ ಮೊದಲ ಮಾತು: "ನೀವು ದಿನಾ ಮಾಡುವ ಹಾಗೆ ಮಾಡಿ ಟೀಚರೇ. ನಾನು ನೋಡ್ತೇನೆ."

ನಾನು ಟೀಚರ್ ಅಲ್ಲ. ಟೀಚರ್ ಆಗಿದ್ದವಳು ನನ್ನ ಅಕ್ಕ. ಸೀತಾಂಗೋಳಿಯಿಂದ ಅನಂತಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಮನೆಯನ್ನು ಎಲ್ಲರೂ ಟೀಚರ ಮನೆ ಎನ್ನುತ್ತಾರೆ. ಅಕ್ಕ ತೀರಿಕೊಂಡ ಮೇಲೆ ಆ ಹೆಸರೂ ನನ್ನ ಪಾಲಿಗೆ ಬಂತು. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ.

ಮದುವೆಯಾಗದ ನಾವಿಬ್ಬರೂ ಇಲ್ಲಿ ಹದಿನಾಲ್ಕು ವರ್ಷ ಒಟ್ಟಿಗಿದ್ದೆವು. ಮಲಯಾಳದಲ್ಲಿ ಬರುವ ಸುತ್ತೋಲೆ, ಅರ್ಜಿಗಳನ್ನು ಕನ್ನಡಕ್ಕೆ ತಂದು ಟೈಪ್ ಮಾಡಿಕೊಡುವುದು ನನ್ನ ಕೆಲಸ. ನನ್ನ ಕೋಣೆಯಲ್ಲೊಂದು ಕಂಪ್ಯೂಟರ್, ಆಚೆ ಕೋಣೆಯಲ್ಲಿ ಅಕ್ಕನದ್ದೊಂದು. ಎರಡಕ್ಕೂ ಸಂಪರ್ಕ ಕೊಡಿಸಿದ್ದೆವು. ನಾನು ಮುಗಿಸಿದ್ದನ್ನು ಅವಳ ಫೋಲ್ಡರಿಗೆ ಹಾಕಿದರೆ ಅವಳು ಅಲ್ಲಿಂದಲೇ ತಪ್ಪು ತಿದ್ದುತ್ತಿದ್ದಳು. ಅದರೊಳಗೆ ಇನ್ನೊಂದು ಫೋಲ್ಡರ್ ಇತ್ತು. ಹೆಸರು 'ಮುಗಿದ ಮೇಲೆ'. ಮಧ್ಯಾಹ್ನದ ಹೊತ್ತು ಅವಳು ಅದರಲ್ಲಿ ಏನೋ ಬರೆಯುತ್ತಿದ್ದಳು. "ಮುಗಿದ ಮೇಲೆ ಓದು ಮಾರಾಯ್ತಿ, ಈಗ ಬಿಡು," ಎನ್ನುತ್ತಿದ್ದಳು. ನಾನು ಒಮ್ಮೆಯೂ ತೆರೆದು ನೋಡಲಿಲ್ಲ.

ಅವಳು ಹೋಗಿ ಹದಿನೈದು ದಿನವಾಗಿರಲಿಲ್ಲ, ಬಾಗಿಲಿಗೆ ಗುಜರಿಯ ವ್ಯಾನು ಬಂತು. ಆಚೆ ಕೋಣೆಯ ಬಾಗಿಲು ತೆರೆದಾಗಲೆಲ್ಲ ಅವಳ ಖಾಲಿ ಕುರ್ಚಿ, ಕಪ್ಪು ಪರದೆ ಕಣ್ಣಿಗೆ ಬೀಳುತ್ತಿದ್ದವು. ತಡೆಯಲಾರದೆ ಕುರ್ಚಿಯನ್ನೂ ಅವಳ ಕಂಪ್ಯೂಟರನ್ನೂ ಎತ್ತಿ ಕೊಟ್ಟುಬಿಟ್ಟೆ. ಒಳಗೆ ಏನಿತ್ತೆಂದು ಆ ಹೊತ್ತಿಗೆ ನೆನಪಾಗಲಿಲ್ಲ.

ಆಮೇಲೆ ನನ್ನ ಕಂಪ್ಯೂಟರ್ ನಿಧಾನವಾಯಿತು. ಯಾವ ಫೋಲ್ಡರ್ ತೆರೆದರೂ ಕಿಟಕಿ ಬೆಳ್ಳಗೆ ನಿಲ್ಲುತ್ತಿತ್ತು. ಮೇಲ್ಗಡೆ ಹಸಿರು ಗೆರೆಯೊಂದು ತೆವಳುತ್ತಿತ್ತು. ಫೈಲುಗಳ ಹೆಸರು ಕಾಣಿಸುವಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿ ಬಂದಾಗುತ್ತಿತ್ತು. ಒಬ್ಬರು ನೋಡಿ ಹೊಸದು ತೆಗೆದುಕೊಳ್ಳಿ ಎಂದರು. ಮತ್ತೊಬ್ಬರು ಎಲ್ಲ ಅಳಿಸಿ ಪುನಃ ಹಾಕಬೇಕೆಂದರು. ಕೊನೆಗೆ ಯಾರೋ ಕುಂಬಳೆಯ ಈ ರಿಪೇರಿಯವರ ನಂಬರ್ ಕೊಟ್ಟರು. ಗಲ್ಫಿನ ಆಫೀಸುಗಳಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದವರು. ಮನೆಮಾತು ಬ್ಯಾರಿ, ನನ್ನ ಜೊತೆ ಕನ್ನಡ.

ಆ ಮೊದಲ ದಿನ ಕಿಟಕಿ ಬೆಳ್ಳಗಾದಾಗ ನಾನು ಚಡಪಡಿಸಿ ಮತ್ತೆ ಮತ್ತೆ ಒತ್ತಿದೆ. "ಒತ್ತಬೇಡಿ, ಅದು ಕೆಲಸ ಮಾಡ್ತಾ ಉಂಟು," ಎಂದರು. ಆ ಬಿಳಿ ಕಿಟಕಿಯ ಮುಂದೆ ಅವರಷ್ಟು ಸಮಾಧಾನದಿಂದ ಕುಳಿತವರನ್ನು ನಾನು ನೋಡಿಲ್ಲ. ಡಿಸ್ಕ್ ಪರೀಕ್ಷಿಸಿದರು, ಸರಿಯಿತ್ತು. ಹಿಂದೆ ತೆರೆದ ಫೈಲುಗಳ ಪಟ್ಟಿಯನ್ನು ಅಳಿಸಿದರು, ಚಿತ್ರಗಳಿದ್ದ ಫೋಲ್ಡರುಗಳ ನೋಟ ಬದಲಿಸಿದರು. ಸ್ವಲ್ಪ ಹಗುರಾಯಿತು, ಅಷ್ಟೆ. ಸಕ್ಕರೆಯಿಲ್ಲದ ಕಪ್ಪು ಚಹಾ ಕುಡಿಯುತ್ತಾ ಪರದೆಯ ಎಡಬದಿಯನ್ನು ನೋಡುತ್ತಿದ್ದವರು ಒಂದು ಹೆಸರಿನ ಪಕ್ಕದ ಕೆಂಪು ಗುರುತಿನ ಮೇಲೆ ಬೆರಳಿಟ್ಟರು.

"ಇದು ಯಾರದ್ದು?"

"ಅಕ್ಕನದ್ದು. ಆಚೆ ಕೋಣೆಯಲ್ಲಿತ್ತು."

"ಈಗ?"

"ಆ ಕಂಪ್ಯೂಟರ್ ಇಲ್ಲ. ಅಕ್ಕನೂ ಇಲ್ಲ."

ಅವರು ಚಹಾದ ಗ್ಲಾಸನ್ನು ಕೆಳಗಿಟ್ಟರು. "ಇದಕ್ಕೆ ಅದು ಗೊತ್ತಿಲ್ಲ. ಪ್ರತಿ ಸಲ ಆ ಮಿಷನನ್ನು ಕೇಳ್ತದೆ, ಉತ್ತರಕ್ಕೆ ಕಾಯ್ತದೆ. ಲೇಟ್ ಆಗುವುದು ಅದಕ್ಕೇ. ಈ ಸಂಪರ್ಕ ತೆಗೆದರೆ ಸರಿಯಾಗ್ತದೆ."

"ಬೇಡ," ಎಂದೆ. ನನ್ನ ಸ್ವರ ನನಗೇ ಗಟ್ಟಿಯಾಗಿ ಕೇಳಿಸಿತು. ಗುಜರಿಗೆ ಕೊಟ್ಟದ್ದು, 'ಮುಗಿದ ಮೇಲೆ' ಫೋಲ್ಡರ್, ಎಲ್ಲವನ್ನೂ ಹೇಳಿದೆ. ಅದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ.

ಅವರು ಸಮಾಧಾನದ ಮಾತು ಆಡಲಿಲ್ಲ. ವ್ಯಾನಿನ ಬಣ್ಣ, ಬಂದ ದಿನ, ಕಂಪ್ಯೂಟರಿನ ಪೆಟ್ಟಿಗೆ ಎಷ್ಟು ದೊಡ್ಡದಿತ್ತು ಎಂದು ಕೇಳಿ, "ನೋಡುವ," ಎಂದು ಹೊರಟರು.

ಮುಂದಿನ ವಾರ ಬಂದು, ಕುಂಬಳೆಯಲ್ಲಿ, ಉಪ್ಪಳದಲ್ಲಿ, ಬದಿಯಡ್ಕದಲ್ಲಿ ಗುಜರಿ ಅಂಗಡಿಗಳಿಗೆ ಹೋಗಿದ್ದಾಗಿ ತಿಳಿಸಿದರು. "ಸಿಗಲಿಲ್ಲ ಟೀಚರೇ. ಸಿಗ್ತದೆ ಅಂತ ಸುಳ್ಳು ಹೇಳುವುದಿಲ್ಲ." ಕುರ್ಚಿ ಎಳೆದು ಕೂತು, "ನನ್ನ ಹೆಂಡತಿ ತೀರಿಕೊಳ್ಳುವಾಗ ನಾನು ಗಲ್ಫಿನಲ್ಲಿದ್ದೆ. ಬಂದು ಮುಟ್ಟುವಾಗ ದಫನ ಆಗಿತ್ತು," ಎಂದರು. ಅವರು ತಮ್ಮ ಬಗ್ಗೆ ನನಗೆ ಹೇಳಿದ್ದು ಅಷ್ಟೇ.

"ಹಾಗಾದರೆ ತೆಗೆದುಬಿಡಿ," ಎಂದೆ.

"ನಾನು ತೆಗೆಯುವುದಿಲ್ಲ. ನೀವೇ ತೆಗೆಯಿರಿ. ನಾನು ಇಲ್ಲೇ ಕೂತಿರ್ತೇನೆ."

ನನಗೆ ಬಹಳ ಹೊತ್ತು ಬೇಕಾಯಿತು. ಅವರು ಗಡಿಯಾರ ನೋಡಲಿಲ್ಲ, ಫೋನ್ ತೆಗೆಯಲಿಲ್ಲ. ಕೊನೆಗೆ ಒತ್ತಿದೆ. ಕೆಂಪು ಗುರುತಿನ ಜೊತೆ ಅಕ್ಕನ ಹೆಸರೂ ಹೋಯಿತು. ಮತ್ತೆ ಫೋಲ್ಡರ್ ತೆರೆದಾಗ ಫೈಲುಗಳೆಲ್ಲ ಕ್ಷಣದಲ್ಲಿ ಬಂದು ನಿಂತವು. ನಾನು ಅತ್ತೆ. ಅವರು ಎದ್ದು ಹೋಗಿ ಜಗಲಿಯಲ್ಲಿ ಕುಳಿತರು. ನಾನು ಮುಖ ತೊಳೆದು ಬರುವವರೆಗೂ ಅಲ್ಲೇ ಇದ್ದರು.

ಆಮೇಲೆ ಎರಡು ವರ್ಷ, ಈ ಕಡೆ ಕೆಲಸವಿದ್ದಾಗಲೆಲ್ಲ "ಮಿಷನ್ ಹೇಗುಂಟು?" ಎಂದು ಕೇಳಿಕೊಂಡು ಬರುತ್ತಿದ್ದರು. ತಿಂಗಳಲ್ಲಿ ಈ ಮನೆಯೊಳಗೆ ನನ್ನದಲ್ಲದ ಸ್ವರ ಕೇಳುತ್ತಿದ್ದದ್ದು ಬಹುಶಃ ಆಗ ಮಾತ್ರ.

ಕಳೆದ ಮಳೆಗಾಲದಲ್ಲಿ ಪ್ರಿಂಟರ್ ಕೆಟ್ಟಿತೆಂದು ಫೋನ್ ಮಾಡಿದೆ. ಮಗಳು ಎತ್ತಿದಳು. ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಬಸ್ಸು ಹಿಡಿದು ಕುಂಬಳೆಗೆ ಹೋದೆ.

"ಸೀತಾಂಗೋಳಿಯ ಟೀಚರ್ ಅಲ್ವಾ?" ಎಂದಳು ಮಗಳು. "ನಿಮ್ಮ ಡಿಸ್ಕ್ ಸಿಗಲೇ ಇಲ್ಲ ಅಂತ ಉಪ್ಪನಿಗೆ ಬೇಜಾರಿತ್ತು." ಉಪ್ಪ ಎಂದರೆ ತಂದೆ.

"ಅದು ಹಳೆಯ ಮಾತಲ್ವಾ. ಆಗಲೇ ಹುಡುಕಿ ಬಿಟ್ಟಿದ್ದರು."

"ಎಲ್ಲಿ ಬಿಟ್ಟದ್ದು? ಆಸ್ಪತ್ರೆಗೆ ಸೇರುವ ವಾರದವರೆಗೂ ಗುಜರಿಯಲ್ಲಿ ಹಳೆ ಡಿಸ್ಕ್ ಕಂಡರೆ ತರ್ತಿದ್ದರು. ಜೋಡಿಸಿ ನನ್ನನ್ನು ಕರೀತಿದ್ದರು, 'ಮುಗಿದ ಮೇಲೆ' ಅಂತ ಎಲ್ಲಾದರೂ ಉಂಟಾ ನೋಡು ಅಂತ. ಅವರಿಗೆ ಕನ್ನಡ ಓದಲಿಕ್ಕೆ ಬರ್ತಿರಲಿಲ್ಲ."

ಹಿಂದಿರುಗುವ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ನನ್ನ ಅಕ್ಕನನ್ನು ಅವರು ಒಮ್ಮೆಯೂ ಕಂಡವರಲ್ಲ.