ಮೊದಲ ಪಾಟೀಸವಾಲು

ಇವತ್ತು ಬೆಳಿಗ್ಗೆ ಹಡಗಲಿ ಕೋರ್ಟಿನ ಪಡಸಾಲೆಯಲ್ಲಿ ಕೂತಿದ್ದೆ. ಕೊರಳಿಗೆ ಕಟ್ಟಿದ್ದ ಬಿಳಿ ಪಟ್ಟಿಯ ಗಂಜಿ ವಾಸನೆ ಮೂಗಿಗೆ ಬಂದಾಗಲೆಲ್ಲ ಬರೆದುಕೊಂಡ ಪ್ರಶ್ನೆಗಳನ್ನು ಮತ್ತೆ ತೆಗೆದು ಓದುತ್ತಿದ್ದೆ. ನನ್ನ ಮೊದಲ ಪಾಟೀಸವಾಲು ನೋಡಿ. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆ ಹಾಕಿ ಅಲ್ಲಾಡಿಸುವ ಕೆಲಸ. ಅಪಘಾತ ಮಾಡಿದ್ದು ನನ್ನ ಕಕ್ಷಿದಾರನ ಟೆಂಪೋ ಎಂದು ಗುರುತಿಸಿದ್ದು ಹೊಳಲಿನ ಒಬ್ಬ ಅಜ್ಜಿ ಮಾತ್ರ. ಆಕೆಯ ಮಾತು ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತರೆ ಅವನಿಗೆ ಜೈಲು.

ಈ ವಾಸನೆ ನನ್ನನ್ನು ಮೊದಲು ಹೆದರಿಸಿದ್ದು ಲಾ ಕಾಲೇಜಿನಲ್ಲಿ, ಅಣಕು ನ್ಯಾಯಾಲಯದ ದಿನ. ಅಣಕು ಅಂದರೆ ಆಟ ಅಂದುಕೊಳ್ಳಬೇಡಿ, ಬೆವರು ನಿಜವಾದದ್ದೇ ಬರುತ್ತದೆ. ನ್ಯಾಯಾಧೀಶರ ಕುರ್ಚಿಯಲ್ಲಿ ನಮ್ಮ ಮೇಷ್ಟ್ರು, ಕೊಟ್ಟೂರಿನ ಹಳೆಯ ವಕೀಲರು. ಬೆಂಚು ಅಡ್ಡವಿಟ್ಟು ಮಾಡಿದ ಕಟಕಟೆಯಲ್ಲಿ ಗೆಳತಿ ಶಬಾನಾ, ಅಪಘಾತ ಕಂಡ ಮುದುಕಿಯ ಪಾತ್ರ, ತಲೆತುಂಬ ಸೆರಗು. ಹಾಸ್ಟೆಲಿನ ಕನ್ನಡಿಯ ಮುಂದೆ ಗುಡುಗಿದ್ದ ನನಗೆ ಎದ್ದು ನಿಂತೊಡನೆ ಒಂದು ಪ್ರಶ್ನೆಯೂ ನೆನಪಾಗಲಿಲ್ಲ. ಹಿರಿಯರು ಎದುರಾದರೆ ನಮ್ಮ ಕಡೆ ತಾನಾಗಿ ಬಾಯಿಗೆ ಬರುವುದೇ ಬಂತು: "ಊಟ ಆತೇನ್ರಿ ಅಮ್ಮಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಶಬಾನಾ ಮಾತ್ರ ಪಾತ್ರ ಬಿಡಲಿಲ್ಲ. ತನ್ನ ಮನೆಯ ಅಜ್ಜಿಯನ್ನೇ ಮೈಮೇಲೆ ತಂದುಕೊಂಡಿದ್ದಳೋ ಏನೋ, "ಆತವ್ವಾ. ಸೊಸಿ ಕೈಗೆ ಕೊಟ್ರ ಉಂಬೋದು. ಕಣ್ಣಿಗೆ ಪೊರಿ ಬಂದೈತಿ, ಗಂಗಾಳ ಎಲ್ಲೈತಿ ಅನ್ನೋದ ಕಾಣಂಗಿಲ್ಲ" ಅಂದುಬಿಟ್ಟಳು.

ಮೇಷ್ಟ್ರು ನಗದೆ, ಕೋರ್ಟಿನ ಗತ್ತಿನಲ್ಲೇ ಸಾಕ್ಷಿಯ ಹೇಳಿಕೆ ಬರೆಸಿದರು: "ನನಗೆ ಊಟ ಆಗಿದೆ ಎಂದರೆ ಸರಿ. ನನ್ನ ಕಣ್ಣಿಗೆ ಪೊರೆ ಬಂದಿದೆ ಎಂದರೆ ಸರಿ." ಕೇಸು ಅಲ್ಲೇ ಮುಗಿಯಿತು. ಸಂಜೆ ಶಬಾನಾ ನನ್ನನ್ನು ಬೈಯುತ್ತಲೇ ನನ್ನ ಮಂಡಕ್ಕಿ ಮೆಣಸಿನಕಾಯಿಯನ್ನೆಲ್ಲ ತಿಂದಳು. ಮೇಷ್ಟ್ರು ಮಾತ್ರ ಹೊಗಳಲಿಲ್ಲ.

"ಇವತ್ತು ಹೆದರಿ ಕೇಳಿದಿ," ಅಂದರು. "ಮುಂದ ಬೇಕಂತ ಕೇಳ್ತಿ. ಅವತ್ತು ನಿನಗ ನೀನ ಹೆದರಬೇಕು."

ಗೆದ್ದ ಖುಷಿಯಲ್ಲಿ ಅದು ನನ್ನ ತಲೆಗೆ ಹೋಗಲಿಲ್ಲ. ನಗೆಪಾಟಲಾಗುವುದಕ್ಕಿಂತ ದೊಡ್ಡ ಭಯ ಇರಬಹುದೆಂದು ಆ ವಯಸ್ಸಿಗೆ ಹೊಳೆಯುವುದೂ ಇಲ್ಲ.

ಪಡಸಾಲೆಯಲ್ಲಿ ಹೊಳಲಿನ ಅಜ್ಜಿ ಬಂದು ನನ್ನ ಪಕ್ಕದಲ್ಲೇ ಕೂತರು. ಕರಿ ಕೋಟು ಕಂಡು ತಮ್ಮ ಕಡೆಯವಳೇ ಅಂದುಕೊಂಡರು. "ಒಳಗ ಏನೇನ್ ಕೇಳ್ತಾರ ಯವ್ವಾ? ಎದಿ ಡವಡವ ಅಂತೈತಿ."

ಕೇಸಿನ ಮಾತು ನಾನು ಆಡುವಂತಿಲ್ಲ, ನಾನು ಎದುರು ಪಕ್ಷದ ವಕೀಲೆ, ಕೇಳುವವಳು ನಾನೇ ಎಂದೆ. ಅಜ್ಜಿ ಮುಖ ಹತ್ತಿರ ತಂದು ನನ್ನನ್ನು ನೋಡಿದರು.

"ನೀನಾ? ಹಂಗಾರ ಚಲೋ ಆತು ಬಿಡು," ಎಂದು ನಿರಾಳವಾಗಿ ಉಸಿರು ಬಿಟ್ಟರು.

ಒಳಗಿಂದ ಅವರ ಹೆಸರು ಕೂಗಿದರು. ಈ ಅಜ್ಜಿಗೆ ಕಣ್ಣು ಸರಿಯಾಗಿ ಕಾಣದಿರಲಿ ಎಂದು ಬೆಳಗಿನಿಂದ ದೇವರನ್ನು ಬೇಡಿಕೊಂಡವಳು ನಾನು. ಬಾಗಿಲ ಮೆಟ್ಟಿಲು ತಿಳಿಯದೆ ಪಾದ ತಡವರಿಸಿ ಅವರು ಕೈ ಚಾಚಿದ್ದು ನನ್ನ ಕಡೆಗೇ. ಹೆದರುತ್ತಲೇ ಹಿಡಿದುಕೊಂಡೆ, ಕಟಕಟೆಯವರೆಗೂ ಬಿಡಲಿಲ್ಲ.