ಸಮಾರಂಭಕ್ಕೆ ಕಾದ ಕಾರ್ಡು

ಕೆಂಚನಕೊಪ್ಪದ ಗಂಗಪ್ಪನ ಬಾಯಿಗೆ ಹೆದರದ ಗುಮಾಸ್ತ ಹುಬ್ಬಳ್ಳಿ ತಾಲೂಕಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಎರಡು ವರ್ಷದವನಿದ್ದಾಗ ಬಂದ ಪೋಲಿಯೋ ಎರಡೂ ಕಾಲು ತೆಗೆದುಕೊಂಡು ಹೋಗಿತ್ತು, ನಾಲಗೆಯನ್ನು ಮಾತ್ರ ಮುಟ್ಟಿರಲಿಲ್ಲ. ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂರಿಸಿದ ಸ್ಕೂಟರನ್ನು ಕಚೇರಿಯ ಮೆಟ್ಟಿಲ ತನಕ ತಂದು ನಿಲ್ಲಿಸಿ, ಒಳಗಿದ್ದವರಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಸಾಹೇಬ್ರ, ಕಾಲ ಇಲ್ದಾವ ನಾ ಇಪ್ಪತ್ತ ಕಿಲೋಮೀಟರ ಬಂದೇನಿ. ನಿಮ್ಮ ಫೈಲ ಆ ಟೇಬಲ್ಲಿನಿಂದ ಈ ಟೇಬಲ್ಲಿಗೆ ಬರಾಕ ಎಷ್ಟ ದಿನಾ ಬೇಕ್ರಿ?" ಒಳಗಿನವರು ಹಲ್ಲು ಕಡಿದುಕೊಂಡು ಸಹಿ ಮಾಡಿಕೊಡುತ್ತಿದ್ದರು. ಹೇಗಾದರೂ ಈ ಪೀಡೆ ತೊಲಗಲಿ ಅಂತ.

ಇಂಥ ನಾಲಗೆ ಅವನಿಗೆ ಸುಮ್ಮನೆ ಬಂದದ್ದಲ್ಲ. ಒಂಬತ್ತು ವರ್ಷದವನಾಗುವ ತನಕ ತಾಯಿ ಹೊಳೆವ್ವ ಅವನನ್ನು ಬಗಲಲ್ಲಿ ಹೊತ್ತು ಸಾಲೆಗೆ ಬಿಟ್ಟು ಬರುತ್ತಿದ್ದಳು. ದಾರಿಯಲ್ಲಿ ಕಟ್ಟೆಗೆ ಕೂತ ಹಿರಿಯರು, ಹುಡುಗ ಕೇಳಿಸಿಕೊಳ್ಳುತ್ತಾನೆ ಎಂಬ ಖಬರಿಲ್ಲದೆ, "ಇದನ್ನ ಎಷ್ಟ ದಿನಾ ಹೊರತೀ ಹೊಳೆವ್ವಾ, ಮತ್ತೊಂದ ಹಡಿ" ಅನ್ನುತ್ತಿದ್ದರು. ಅವಳು ಹಡೆಯಲಿಲ್ಲ. ಮಗನನ್ನು ಹತ್ತನೇ ಇಯತ್ತೆ ಪಾಸು ಮಾಡಿಸಿದಳು. ಆಮೇಲೆ ಅಂಗವಿಕಲರ ಕೋಟಾದಲ್ಲಿ ಅವನಿಗೆ ಶಿರಗುಪ್ಪಿಯ ಬಸ್ ಸ್ಟ್ಯಾಂಡಿನ ಎದುರು ಟೆಲಿಫೋನ್ ಬೂತು ಸಿಕ್ಕಿತು. ಎಲ್ಲರ ಕಿಸೆಗೂ ಮೊಬೈಲ್ ಬಂದಾಗ ಬೂತು ಮುಚ್ಚಿತು. ಕಡೆಗೆ, ಈಗ್ಗೆ ಹದಿನಾಲ್ಕು ವರ್ಷದ ಹಿಂದೆ, ಪಂಚಾಯತಿಯಲ್ಲಿ ಪುನರ್ವಸತಿ ಕಾರ್ಯಕರ್ತ ಅಂತ ತೆಗೆದುಕೊಂಡರು. ಊರಿನ ಅಂಗವಿಕಲರನ್ನು ಹುಡುಕಿ ಹೆಸರು ಬರೆಸುವುದು, ಪ್ರಮಾಣಪತ್ರ ಮಾಡಿಸುವುದು, ಸರ್ಕಾರದಿಂದ ಬರಬೇಕಾದದ್ದನ್ನು ತಂದುಕೊಡುವುದು ಅವನ ಕೆಲಸ.

ಹುಡುಕುವುದು ಅಂದರೆ ಹುಡುಗಾಟವಲ್ಲ. ಬಾಗಿಲು ಬಡಿದರೆ ದೊಡ್ಡ ಮನೆಯವರು, "ನಮ್ಮ ಮನ್ಯಾಗ ಅಂಥವರ ಯಾರೂ ಇಲ್ಲ" ಎಂದು ಅರ್ಧ ಬಾಗಿಲಲ್ಲೇ ಕಳಿಸುತ್ತಿದ್ದರು. ತಂಗಿಯ ಲಗ್ನ ಆಗುವ ತನಕ ಅಕ್ಕನನ್ನು ಹಿತ್ತಲ ಕೋಣೆಯಲ್ಲಿ ಇಟ್ಟವರು, ಮಗ ಸೋಲಾಪುರದಲ್ಲಿ ಇದ್ದಾನೆಂದು ಹೇಳಿ ಅಟ್ಟದ ಮೇಲೆ ಇಟ್ಟವರು, ಎಲ್ಲ ನಮೂನೆಯವರೂ ಇದ್ದರು. ಗಂಗಪ್ಪ ಜಗಳ ಕಾಯುತ್ತಿರಲಿಲ್ಲ. ಬಾಗಿಲ ಮುಂದೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆಯುತ್ತ ಕೂರುತ್ತಿದ್ದ. ಓಣಿಯವರು ಇಣುಕತೊಡಗಿದ ಮೇಲೆ ಮರ್ಯಾದೆಗೆ ಅಂಜಿ ಒಳಗೆ ಕರೆಯುತ್ತಿದ್ದರು.

ಹೀಗೆ ಎರಡು ವರ್ಷ ಅಲೆದು ಅವನು ಎಪ್ಪತ್ತಮೂರು ಮಂದಿಯ ಹೆಸರನ್ನು ಆರೋಗ್ಯ ಕಾರ್ಡಿಗೆ ಬರೆಸಿದ. ಆ ಕಾರ್ಡು ತೋರಿಸಿದರೆ ಸರ್ಕಾರಿ ದವಾಖಾನೆಯಲ್ಲೂ ನಡೆಯುತ್ತದೆ, ಸರ್ಕಾರ ಗೊತ್ತು ಮಾಡಿದ ಖಾಸಗಿ ದವಾಖಾನೆಯಲ್ಲೂ ನಡೆಯುತ್ತದೆ. ದೊಡ್ಡ ಆಪರೇಶನ್ನಿಗೂ ಕೈಯಿಂದ ಹಾಕಬೇಕಿಲ್ಲ. ಎಪ್ಪತ್ತಮೂರರಲ್ಲಿ ಎಪ್ಪತ್ತೆರಡು ಮಂದಿಗೆ ಅದು ಮುಂದೆಂದಾದರೂ ಬೇಕಾದೀತು ಎಂಬ ಕಾರ್ಡು. ಒಬ್ಬಳಿಗೆ ಮಾತ್ರ ಈಗಲೇ ಬೇಕಾಗಿತ್ತು.

ಅವಳು ಸುಕನ್ಯಾ, ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುವ ದುರ್ಗೇಶನ ಹೆಂಡತಿ. ವಯಸ್ಸು ಇಪ್ಪತ್ತೆಂಟು. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಕೌದಿ ಹೊಲಿಯುವುದರಲ್ಲಿ ಊರಿಗೇ ಮೊದಲು. ಕೈಸನ್ನೆಯಲ್ಲಿ ಅವಳು ಬೈದರೆ ಅತ್ತೆ ಮಾವಂದಿರು ನಗು ತಡೆಯಲಾರದೆ ಸುಮ್ಮನಾಗುತ್ತಿದ್ದರು. ಊರಿನವರಿಗೆಲ್ಲ ಒಂದೊಂದು ಸನ್ನೆಯ ಹೆಸರು ಇಟ್ಟಿದ್ದಳು. ಗಂಗಪ್ಪನ ಹೆಸರೆಂದರೆ ಬಲಗೈ ಮುಷ್ಟಿ ಹಿಡಿದು ಸ್ಕೂಟರಿನ ಎಕ್ಸಲೇಟರ್ ತಿರುವಿದಂತೆ ತಿರುವುವುದು. ಅವಳು ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದಿತ್ತಂತೆ. ಯಾರೂ ಲಕ್ಷ್ಯ ಕೊಡಲಿಲ್ಲ. ಅದರಿಂದ ಹೃದಯದ ಕವಾಟ ಕೆಟ್ಟಿದೆ, ತಿಂಗಳೊಪ್ಪತ್ತಿನೊಳಗೆ ಆಪರೇಶನ್ ಆಗಲೇಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಈಚೆಗಷ್ಟೇ ಬರೆದುಕೊಟ್ಟಿದ್ದರು.

ಅವಳ ಹೆಸರು ಬರೆಸಲು ಗಂಗಪ್ಪ ಪಟ್ಟ ಪಾಡು ನಾಯಿಗೂ ಬೇಡ. ರೇಶನ್ ಕಾರ್ಡಿನಲ್ಲಿ ಅವಳ ಹೆಸರು ಇನ್ನೂ ಗಬ್ಬೂರದ ತವರಿನಲ್ಲೇ ಇತ್ತು. ಅಲ್ಲಿ ತೆಗೆಸಬೇಕು, ಇಲ್ಲಿ ಸೇರಿಸಬೇಕು. ಅಲ್ಲಿಯವರು ಇಲ್ಲಿಯ ಕಾಗದ ತಾ ಅನ್ನುತ್ತಿದ್ದರು, ಇಲ್ಲಿಯವರು ಅಲ್ಲಿಯ ಕಾಗದ ತಾ ಅನ್ನುತ್ತಿದ್ದರು. ಯಾವಾಗ ಕೇಳಿದರೂ ಸರ್ವರ್ ಇಲ್ಲ. "ನಿಮ್ಮ ಸರ್ವರಗೆ ಪೋಲಿಯೋ ಆಗೈತೇನ್ರಿ?" ಎಂದು ಗಂಗಪ್ಪ ಅಲ್ಲೇ ಕೂಗಾಡಿದ್ದ. ಹನ್ನೊಂದು ತಿಂಗಳು ಹಿಡಿಯಿತು. ಅವನ ಬದಲು ಬೇರೆ ಯಾರಾದರೂ ಇದ್ದಿದ್ದರೆ ಕೈ ಬಿಡುತ್ತಿದ್ದರು, ಇದು ಖರೇ ಮಾತು. ಮುಂದಿನದನ್ನು ಹೇಳುವ ಮೊದಲು ಇಷ್ಟು ಹೇಳುವುದು ನ್ಯಾಯ.

ಎರಡನೇ ತಾರೀಖು ಸಂಜೆ ಕಾರ್ಡುಗಳ ಕಟ್ಟು ಬಂತು. ಪಂಚಾಯತಿಯ ಕಪಾಟಿಗೆ ಕೀಲಿ ಸರಿಯಿಲ್ಲವೆಂದು ಗಂಗಪ್ಪ ಅದನ್ನು ಮನೆಗೆ ತಂದು ಟ್ರಂಕಿನಲ್ಲಿಟ್ಟ.

ನಮ್ಮ ಕಡೆ ಒಂದು ದರಿದ್ರ ರೂಢಿ ಇದೆ. ಸರ್ಕಾರದಿಂದ ಬಂದ ಒಂದು ಕೊಡಪಾನವನ್ನೂ ಕೈಗೆ ಕೊಟ್ಟು ಕಳಿಸುವುದಿಲ್ಲ. ಪೆಂಡಾಲು ಹಾಕಬೇಕು, ದೊಡ್ಡವರು ಬರಬೇಕು, ಹಾರ ಬೀಳಬೇಕು, ಕೊಡುವವನ ಕೈ ಮೇಲೆ ತಗೊಳ್ಳುವವನ ಕೈ ಕೆಳಗೆ ಇರುವಂತೆ ಫೋಟೋ ಆಗಬೇಕು. ಕುಂಟುವವರನ್ನು ಬಿಸಿಲಲ್ಲಿ ಕೂರಿಸಿ ಮೂರು ತಾಸು ಭಾಷಣ ಹೇಳಬೇಕು. ಈ ಹೊಲಸನ್ನು ಕಂಡರೆ ಗಂಗಪ್ಪನಿಗೇ ಆಗುತ್ತಿರಲಿಲ್ಲ. ಆದರೆ ಹದಿನಾಲ್ಕು ವರ್ಷ ಆ ಪೆಂಡಾಲುಗಳ ಕೆಳಗೆ ಕೂತು ಕೂತು, ಟ್ರ್ಯಾಕ್ಟರ್ ಕೊಂಡವನಿಗೂ ಶಾಲು ಹೊದಿಸುವುದನ್ನು ನೋಡಿ ನೋಡಿ, ಅವನ ಹೊಟ್ಟೆಯಲ್ಲೂ ಒಂದು ಆಸೆ ಹುಟ್ಟಿತ್ತು. ನನ್ನ ಹೆಗಲಿಗೆ ಒಂದೂ ಬಿದ್ದಿಲ್ಲವಲ್ಲ ಅಂತ. ಅವನೇ ಅಧ್ಯಕ್ಷ ಗುರುಪಾದನ ಮನೆಗೆ ಹೋಗಿ ಸಮಾರಂಭದ ಮಾತು ತೆಗೆದ.

ಗುರುಪಾದ ಹತ್ತಿ ವ್ಯಾಪಾರಿ, ಪಂಚಾಯತಿ ಅಧ್ಯಕ್ಷ. ಮಾತು ಕೇಳಿ ಕೂತಲ್ಲೇ ಹಿಗ್ಗಿದ. "ಭೇಶ್ ಗಂಗಪ್ಪಾ! ಬೆಂಗಳೂರಿಂದ ದೊಡ್ಡವರನ್ನ ಕರಸೂಣು. ನಿನಗೂ ಶಾಲು, ಪೇಟಾ ಎಲ್ಲಾ. ಆದ್ರ ಒಂದು: ಅಲ್ಲೀತನಾ ಒಬ್ಬರ ಕೈಯಾಗೂ ಕಾರ್ಡ ಹೋಗಬಾರದು. ಒಬ್ಬರಿಗೆ ಕೊಟ್ರ ಎಲ್ಲಾರೂ ಬರತಾರ, ಪೆಂಡಾಲಿನ್ಯಾಗ ಯಾರನ್ನ ಕುಂದರಸೂದು?"

"ಮೊದಲನೇ ಕಾರ್ಡ ಸುಕನ್ಯಾಗ ಕೊಡ್ಸೂಣ್ರಿ ಧಣ್ಯಾರ. ಮಾತ ಬಾರದಾಕಿ. ಪೇಪರಿನ್ಯಾಗ ಛಲೋ ಕಾಣತೈತಿ," ಅಂದ ಗಂಗಪ್ಪ. ಹೌದು, ಅವನೇ ಅಂದ.

ಸಮಾರಂಭ ಆರನೇ ತಾರೀಖಿಗೆ ಅಂತ ಆಯಿತು. ನಾಲ್ಕು ದಿನದ್ದೇನು ಮಹಾ ಎಂದು ಗಂಗಪ್ಪ ತನಗೆ ತಾನೇ ಹೇಳಿಕೊಂಡ. ಮರುದಿನವೇ ದುರ್ಗೇಶ ಹೆಂಡತಿಯನ್ನು ಕರೆದುಕೊಂಡು ಬಾಗಿಲಿಗೆ ಬಂದ. ಹತ್ತು ಹೆಜ್ಜೆ ನಡೆದದ್ದಕ್ಕೆ ಸುಕನ್ಯಾಳಿಗೆ ಏದುಸಿರು. ಕಟ್ಟೆಯ ಮೇಲೆ ಕೂತು, ಎರಡೂ ಕೈಯ ಬೆರಳಿನಿಂದ ಗಾಳಿಯಲ್ಲಿ ಒಂದು ಚೌಕ ಬರೆದು ಹುಬ್ಬು ಏರಿಸಿದಳು. ಕಾರ್ಡು ಬಂತೇ ಅಂತ. ಟ್ರಂಕು ಅವಳ ಬೆನ್ನ ಹಿಂದಿನ ಗೋಡೆಯ ಆಚೆಗೇ ಇತ್ತು. ಗಂಗಪ್ಪ ಕೈ ಅಲ್ಲಾಡಿಸಿದ. ಇನ್ನೂ ಇಲ್ಲ. ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎಕ್ಸಲೇಟರ್ ತಿರುವುವ ಸನ್ನೆ ಮಾಡಿ ಎದೆ ಮುಟ್ಟಿಕೊಂಡಳು. ನೀನಿದ್ದೀಯಲ್ಲ, ನನಗೆ ಧೈರ್ಯ ಅಂತ ಅದರ ಅರ್ಥ. ಬಾಯಿಂದ ಹೇಳುವ ಸುಳ್ಳು ಅವನಿಗೆ ಹೊಸದಲ್ಲ, ಕೈಯಿಂದ ಹೇಳಿದ್ದು ಅದೇ ಮೊದಲು.

ಅವರು ಹೋದ ಮೇಲೆ ಅವನ ಹೆಂಡತಿ ಜಯಾ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. "ನಿಮಗೇನ ಬುದ್ಧಿಗಿದ್ದಿ ಐತೇನ್ರಿ? ಆಕೀದಷ್ಟ ಕೊಟ್ಟ ಕಳಸ್ರಿ."

"ನಾಕ ದಿನಾ ತಡಿಯ. ಕೆಲಸಾ ಹೆಂಗ ಮಾಡಬೇಕಂತ ನೀ ನನಗ ಕಲಸಾಕ ಬರಬ್ಯಾಡ."

ಆರನೇ ತಾರೀಖು ದೊಡ್ಡವರ ಸಂಬಂಧಿಕರ ಹೊಸ ಮನೆಯ ವಾಸ್ತುಶಾಂತಿ ಇತ್ತಂತೆ. ಸಮಾರಂಭ ಹನ್ನೆರಡನೇ ತಾರೀಖಿಗೆ ಹೋಯಿತು. ಹನ್ನೆರಡಕ್ಕೆ ಯಾಕೆ ಬರಲಿಲ್ಲವೋ ಅದನ್ನು ಹೇಳುವ ಉಸಾಬರಿಯನ್ನೂ ಯಾರೂ ಮಾಡಲಿಲ್ಲ. ಹತ್ತೊಂಬತ್ತಕ್ಕೆ ಹೋಯಿತು. ಬ್ಯಾನರ್ ಮೊದಲೇ ಹೊಡೆಸಿಯಾಗಿತ್ತು: ಎಪ್ಪತ್ತಮೂರು ಫಲಾನುಭವಿಗಳಿಗೆ ಆರೋಗ್ಯ ಕಾರ್ಡು ವಿತರಣೆ. ತಾರೀಖಿನ ಮೇಲೆ ಎರಡು ಸಲ ಕಾಗದ ಅಂಟಿಸಿದರು.

ಹದಿನಾರನೇ ತಾರೀಖು ಮಧ್ಯಾಹ್ನ ದುರ್ಗೇಶನ ಫೋನು ಬಂತು. ಹಿಂದೆ ದವಾಖಾನೆಯ ಗದ್ದಲ.

"ಕಾಕಾ, ಸುಕನ್ಯಾಗ ಉಸರ ಆಡವಲ್ದು. ಹುಬ್ಬಳ್ಳಿಗೆ ತಂದೇನಿ. ವಾರ್ಡಿನ್ಯಾಗ ಆಕ್ಸಿಜನ್ ಹಚ್ಯಾರ. ಕಾರ್ಡಿನ ನಂಬರ ಇದ್ರೂ ಸಾಕಂತ, ಇವತ್ತ ಮಂಜೂರಿ ತಗೊಂಡ ನಾಳೆ ಮುಂಜಾನಿ ಆಪರೇಶನ್ ಮಾಡತೇವಿ ಅನ್ನಾಕತ್ತಾರ. ನಂಬರರ ಬಂದೈತೇನ್ರಿ?"

ಎಲ್ಲರ ಕಾರ್ಡಿನ ನಂಬರು ಬರೆದುಕೊಂಡ ವಹಿ ಗಂಗಪ್ಪನ ತೊಡೆಯ ಮೇಲೆ ತೆರೆದೇ ಇತ್ತು. ಆ ನಂಬರು ಓದಿ ಹೇಳಲು ಅರ್ಧ ನಿಮಿಷ ಸಾಕಿತ್ತು. ಓದಿದರೆ, ಹದಿನೈದು ದಿನದಿಂದ ಕಾರ್ಡು ತನ್ನ ಕೈಯಲ್ಲೇ ಇದ್ದದ್ದು ಬಯಲಾಗುತ್ತದೆ. ಗುರುಪಾದ ಉರಿದು ಬೀಳುತ್ತಾನೆ. ಶಾಲೂ ಹೋಯಿತು, ಮಾನವೂ ಹೋಯಿತು. "ಐದ ಮಿನಿಟ ತಡಿ ತಮ್ಮಾ, ಕೇಳಿ ಹೇಳತೇನಿ," ಅಂದು ಗುರುಪಾದನಿಗೆ ಫೋನು ಹಚ್ಚಿದ.

ಗುರುಪಾದ ನವನಗರದಲ್ಲಿ ಯಾವುದೋ ಮದುವೆ ಊಟಕ್ಕೆ ಕೂತಿದ್ದ. "ಇನ್ನ ಮೂರ ದಿನಾ ಅಲ್ಲೇನೋ? ದವಾಖಾನ್ಯಾಗ ಅದಾಳ ಅಂದಮ್ಯಾಲ ಡಾಕ್ಟರ ನೋಡಕೋತಾರ. ಪೇಪರದವರಿಗೆಲ್ಲಾ ಆಕೀ ಸುದ್ದಿನ ಹೇಳೇನಿ. ಹೆಂಗರ ದೂಡು."

ಗಂಗಪ್ಪ ದುರ್ಗೇಶನಿಗೆ ತಿರುಗಿ ಫೋನು ಮಾಡಿದ. "ಸರ್ವರ ಬಂದ್ ಐತೋ ತಮ್ಮಾ. ಎರಡ ದಿನಾ ಆಗಬೌದು."

ಎಂಥ ಮಾತು ಬಂತು ನೋಡಿ ಅವನ ಬಾಯಲ್ಲಿ! ಹದಿನಾಲ್ಕು ವರ್ಷ ಯಾವ ಮಾತಿಗೆ ಕಚೇರಿ ಕಚೇರಿಗೆ ಹೋಗಿ ಕಿಡಿ ಕಾರಿದ್ದನೋ ಅದೇ ಮಾತು, ಒಂದು ಚೂರೂ ತಡವರಿಸದೆ. ದುರ್ಗೇಶ, "ಆತ್ರಿ ಕಾಕಾ, ನೀವ ಬಿಡೂದಿಲ್ಲಂತ ಗೊತ್ತೈತಿ," ಅಂದು ಫೋನು ಇಟ್ಟ.

ಮರುದಿನ ಮುಂಜಾನೆ ಎಂಟಕ್ಕೆ ಸುಕನ್ಯಾ ಸತ್ತಳು. ಪಕ್ಕದ ಮಂಚದವಳಿಗೆ ಬಂದ ಚಹದ ವಾಸನೆಗೆ ಕಣ್ಣು ತೆರೆದು, ನನಗೂ ಬೇಕು ಎಂದು ಗಂಡನಿಗೆ ಸನ್ನೆ ಮಾಡಿದಳಂತೆ. ಅವನು ಕೆಳಗೆ ಹೋಗಿ ತರುವಷ್ಟರಲ್ಲಿ ಹೋಗಿದ್ದಳು. ಕರೆಯಲು ಅವಳಿಗೆ ದನಿ ಇರಲಿಲ್ಲ.

ಮಣ್ಣು ಮಾಡಲು ಗಂಗಪ್ಪನೂ ಹೋಗಿದ್ದ. ಎಲ್ಲರಿಗಿಂತ ಹೆಚ್ಚು ಅತ್ತ. ಅದು ನಾಟಕವಲ್ಲ, ಆ ದುಃಖ ನಿಜವಾಗಿಯೇ ಇತ್ತು. ಆದರೆ ಮರುದಿನ ಗುರುಪಾದ ಕರೆಸಿ, "ಬ್ಯಾನರಿನ್ಯಾಗ ಎಪ್ಪತ್ಮೂರ ಅಂತ ಐತಿ. ಗಂಡನ್ನ ಕರಕೊಂಡ ಬಾ, ಆಕೀ ಪರವಾಗಿ ತಗೊಳ್ಲಿ," ಅಂದಾಗ ಅದೇ ಗಂಗಪ್ಪ ಒದ್ದೆ ಕಣ್ಣಿನಲ್ಲೇ ದುರ್ಗೇಶನ ಮನೆಗೆ ಹೋದ.

"ಕಾರ್ಡ ಈಗ ಬಂತೋ ತಮ್ಮಾ. ಏನ ಮಾಡೂದು, ಆಕೀ ಹಣೇಬರಾ. ನೀ ಬಂದ ತಗೋ. ಮುಂದ ಪರಿಹಾರಕ್ಕ ಅನುಕೂಲ ಆಗತೈತಿ."

ಪರಿಹಾರ ಎಂಬುದು ಎಲ್ಲೂ ಇರಲಿಲ್ಲ. ದುರ್ಗೇಶ ತಲೆ ಎತ್ತಿದ. "ಪರಿಹಾರ ಬ್ಯಾಡ್ರಿ. ಆಕೀ ಸಂಬಂಧ ನೀವ ಎಷ್ಟ ಅಡ್ಡಾಡೀರಿ. ನೀವ ಕರದ್ರ ಬರಲಾರದ ಇರತೇನೇನ್ರಿ ಕಾಕಾ?"

ಹತ್ತೊಂಬತ್ತಕ್ಕೆ ದೊಡ್ಡವರು ಬಂದೇ ಬಂದರು. ದುರ್ಗೇಶ ಬೆಳಿಗ್ಗೆ ಹೆಂಡತಿಯನ್ನು ಮಣ್ಣು ಮಾಡಿದ ಗುಡ್ಡೆಗೆ ಮೂರನೇ ದಿನದ ಹಾಲುತುಪ್ಪ ಬಿಟ್ಟು, ಅದೇ ಅಂಗಿಯಲ್ಲಿ ಪೆಂಡಾಲಿಗೆ ಬಂದಿದ್ದ. ಗಂಗಪ್ಪನನ್ನು ನಾಲ್ಕು ಮಂದಿ ಎತ್ತಿ ವೇದಿಕೆಗೆ ಕೂರಿಸಿದರು, ಶಾಲು ಹೊದಿಸಿದರು, ಪೇಟಾ ಸುತ್ತಿದರು. ಚಪ್ಪಾಳೆ ಬಿತ್ತು. ಆಮೇಲೆ ಮೈಕಿನಲ್ಲಿ ಮೊದಲನೇ ಹೆಸರು ಕೂಗಿದರು: ಶ್ರೀಮತಿ ಸುಕನ್ಯಾ. ಗಂಡಸು ಮೇಲೆ ಬಂದದ್ದನ್ನು ನೋಡಿ ದೊಡ್ಡವರು ನಕ್ಕು ಕಾರ್ಡು ಕೊಟ್ಟರು. ಅವರಿಗೆ ಯಾರೂ ಹೇಳಿರಲಿಲ್ಲ. "ಮನೆಯವರನ್ನ ಕರೆದುಕೊಂಡು ಬರಬೇಕಿತ್ತಪ್ಪ. ಇನ್ನು ಅವರ ಆರೋಗ್ಯದ ಚಿಂತೆ ಬಿಡು, ಅದು ನಮಗಿರಲಿ."

"ಹೂಂರಿ," ಅಂದ ದುರ್ಗೇಶ. ಫೋಟೋದವನು ಸ್ವಲ್ಪ ನಗಲು ಹೇಳಿದ.

ಎಲ್ಲ ಮುಗಿದು ಜನ ಸಿರಾ ಉಪ್ಪಿಟ್ಟಿಗೆ ಮುಗಿಬಿದ್ದಾಗ, ಗಂಗಪ್ಪ ಸ್ಕೂಟರಿನ ಮೇಲೆ ಕೂತಿದ್ದ. ಜಯಾ ಪಕ್ಕದಲ್ಲಿ ನಿಂತಿದ್ದಳು. ದುರ್ಗೇಶ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತ ಬಂದ.

"ಕಾಕಾ, ಇದರ ಮ್ಯಾಲ ಒಂದನೇ ತಾರೀಖ ಅಂತ ಐತಿ."

"ಅದು... ಅದು ಅಲ್ಲಿ ಬೆಂಗಳೂರಾಗ ಛಾಪಿಸಿದ ತಾರೀಖೋ ತಮ್ಮಾ."

"ಇಲ್ಲಿಗೆ ಯಾವಾಗ ಬಂತ್ರಿ?"

ಗಂಗಪ್ಪ ಬಾಯಿ ತೆರೆಯುವ ಮೊದಲೇ ಜಯಾ ಹೇಳಿದಳು. "ಎರಡನೇ ತಾರೀಖ ಸಂಜೀಕ. ಎಲ್ಲಾ ಕಾರ್ಡು ನಮ್ಮ ಟ್ರಂಕಿನ್ಯಾಗ ಇದ್ದೂವು ದುರ್ಗೇಶಾ. ನೀವಿಬ್ಬರೂ ನಮ್ಮ ಕಟ್ಟೀಗೆ ಬಂದ ಕುಂತ ದಿನಾನೂ ಇದ್ದೂವು."

ದುರ್ಗೇಶ ಕಾರ್ಡನ್ನು ಕಿಸೆಗೆ ಹಾಕಿಕೊಂಡ. ಮೂಟೆ ಎತ್ತಿ ಎತ್ತಿ ಗಟ್ಟಿಯಾದ ಕೈ ಮೇಲೆ ಹೋಯಿತು. ಗಂಗಪ್ಪ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ದುರ್ಗೇಶ ಅವನ ಕಾಲುಗಳನ್ನು ನೋಡುತ್ತಿದ್ದ.

"ನಿನ್ನ ಕಾಲ ನೆಟ್ಟಗ ಇದ್ದಿದ್ರ ಇಲ್ಲೇ ಕೆಡವಿ ತುಳೀತಿದ್ದೆ," ಅಂದ. "ಕುಂಟನ್ನ ಏನ ಹೊಡೀಲಿ?"

ಅಂದು, ಉಪ್ಪಿಟ್ಟಿನ ಸಾಲಿನ ನಡುವೆ ದಾರಿ ಮಾಡಿಕೊಂಡು ಹೊರಟ.

"ಒಂದ ಏಟರ ಹೊಡದ ಹೋಗೋ, ದುರ್ಗ್ಯಾ!" ಗಂಗಪ್ಪ ಹಿಂದಿನಿಂದ ಕೂಗಿದ. "ಏ ತಮ್ಮಾ, ಹೊಡದ ಹೋಗೋ!"

ತಟ್ಟೆ ಹಿಡಿದವರೆಲ್ಲ ತಿರುಗಿ ಗಂಗಪ್ಪನನ್ನು ನೋಡಿದರು. ದುರ್ಗೇಶ ನೋಡಲಿಲ್ಲ.